ಹರಿಯುವ ರಕ್ತವನ್ನೇ ನೋಡಿದ ವೈದ್ಯ: ಜೂಲಿಯೊ ಬಿಜ್ಜೊಜೆರೊ

(ನಮ್ಮೂರಿನ ಗ್ರಂಥಾಲಯದಲ್ಲಿ ಕೊಟ್ಟ ಉಪನ್ಯಾಸ ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಶುರುವಾದರೆ ಸಾಕು, ನಮ್ಮ ಬೀದಿಗಳಲ್ಲಿ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆಯಂತೆ?" ಹತ್ತನೇ ಕ್ಲಾಸು ಮುಟ್ಟದವರಿಗೂ ಈ ಪದ ಗೊತ್ತು. ಡೆಂಗಿ ಬಂದರೆ ಅದು ಕಡಿಮೆಯಾಗುತ್ತದೆ ಅಂತಲೂ ಗೊತ್ತು. ಲ್ಯಾಬಿನ ಚೀಟಿ ಕೈಗೆ ಬಂದ ಕೂಡಲೇ ಮೊದಲು ಹುಡುಕುವುದೇ ಆ ಸಾಲನ್ನು. ಒಂದೂವರೆ ಲಕ್ಷದ ಮೇಲಿದ್ದರೆ ಉಸಿರು ಬಿಡುತ್ತೇವೆ, ಕೆಳಗಿದ್ದರೆ ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುತ್ತೇವೆ. ಆದರೆ ರಕ್ತದಲ್ಲಿ ಇಂಥದ್ದೊಂದು ಕಣ ಇದೆ, ಅದಕ್ಕೆ ಇಂಥ ಕೆಲಸ ಇದೆ ಅಂತ ತೋರಿಸಿಕೊಟ್ಟವರು ಯಾರು ಅಂತ ಕೇಳಿದರೆ ವೈದ್ಯರೂ ಒಂದು ಕ್ಷಣ ತಡವರಿಸುತ್ತಾರೆ.

ಅವರ ಹೆಸರು ಜೂಲಿಯೊ ಬಿಜ್ಜೊಜೆರೊ. ಇಟಲಿಯವರು, ವೈದ್ಯರು, ಜೀವಕೋಶಗಳ ಅಧ್ಯಯನಕ್ಕೇ ಬದುಕನ್ನು ಕೊಟ್ಟವರು. 1846ರ ಮಾರ್ಚ್ 20ರಂದು ಉತ್ತರ ಇಟಲಿಯ ವರೆಸೆ ಎಂಬ ಊರಿನಲ್ಲಿ ಹುಟ್ಟಿದರು. ಆಗ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಇಟಲಿ ಅನ್ನುವ ಒಂದೇ ದೇಶ ಆಗಿನ್ನೂ ಇರಲಿಲ್ಲ, ಅದು ಒಂದುಗೂಡಿದ್ದು 1861ರಲ್ಲಿ. ಬಿಜ್ಜೊಜೆರೊ ಬೆಳೆದದ್ದು ಹೊಸ ದೇಶ ಕಟ್ಟುವ ಹುಮ್ಮಸ್ಸಿನ ಆ ದಿನಗಳಲ್ಲೇ. ವಿಜ್ಞಾನದಲ್ಲೂ ಜರ್ಮನಿ, ಫ್ರಾನ್ಸಿಗೆ ಸಮನಾಗಿ ನಿಲ್ಲಬೇಕು ಅನ್ನುವ ಛಲ ಆ ತಲೆಮಾರಿನವರಲ್ಲಿ ಜಾಸ್ತಿ ಇತ್ತು.

ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಬಿಜ್ಜೊಜೆರೊ ಅವರಿಗೆ ಜೀವಕೋಶದ ಆಕಾರ ಮಾತ್ರ ಸಾಲುತ್ತಿರಲಿಲ್ಲ. ಅದು ಎಲ್ಲಿಂದ ಹುಟ್ಟುತ್ತದೆ, ಏನು ಮಾಡುತ್ತದೆ, ಸತ್ತರೆ ಅದರ ಜಾಗಕ್ಕೆ ಯಾರು ಬರುತ್ತಾರೆ ಅಂತ ಅವರು ಕೇಳುತ್ತಲೇ ಹೋದರು. ಅವರ ದೊಡ್ಡ ಶೋಧಗಳೆಲ್ಲ ಈ ಪ್ರಶ್ನೆಗಳಿಂದಲೇ ಬಂದವು.

ಓದಿದ್ದು ಪಾವಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪಾವ್ಲೊ ಮಂತೆಗಾಜ್ಜ ಎಂಬ ಪ್ರಾಧ್ಯಾಪಕರು ಪ್ರಯೋಗಾಲಯ ನಡೆಸುತ್ತಿದ್ದರು. ಯುಸೇಬಿಯೊ ಓಲ್ ಎಂಬವರು ಮೈಕ್ರೋಸ್ಕೋಪಿನ ಕೆಲಸ ಕಲಿಸುತ್ತಿದ್ದರು. ಬಿಜ್ಜೊಜೆರೊ ಇಬ್ಬರ ಬಳಿಯೂ ಪಳಗಿದರು. 1864ರಲ್ಲಿ, ಅಂದರೆ ಇನ್ನೂ ಹದಿನೆಂಟರ ವಿದ್ಯಾರ್ಥಿಯಾಗಿದ್ದಾಗಲೇ, ಚರ್ಮದಂಥ ಹೊದಿಕೆಯ ಕೋಶಗಳನ್ನು ನೋಡುತ್ತಾ ಒಂದು ಸಣ್ಣ ವಿಷಯ ಗಮನಿಸಿದರು. ಅಕ್ಕಪಕ್ಕದ ಕೋಶಗಳ ನಡುವೆ ಮುಳ್ಳಿನಂಥ ಚಾಚುಗಳು ಇರುತ್ತವೆ. ಅವು ಒಂದರೊಳಗೊಂದು ಹಲ್ಲುಹಲ್ಲಾಗಿ ಸೇರಿಕೊಂಡಿವೆ ಅಂತ ಆಗಿನವರು ತಿಳಿದಿದ್ದರು. ಹಾಗಲ್ಲ, ತುದಿಗೆ ತುದಿ ಮುಟ್ಟಿಸಿಕೊಂಡಿವೆ, ಮುಟ್ಟಿದ ಕಡೆ ಒಂದು ಪುಟ್ಟ ಗಂಟಿದೆ, ಕೋಶಗಳು ಬಿಗಿಯಾಗಿ ಹಿಡಿದುಕೊಂಡಿರುವುದು ಅಲ್ಲೇ ಅಂದರು ಬಿಜ್ಜೊಜೆರೊ. ಈಗ ಅದನ್ನು ಡೆಸ್ಮೊಸೋಮ್ ಅನ್ನುತ್ತಾರೆ. ಆ ಹೆಸರು ಬಂದದ್ದು 1920ರಲ್ಲಿ. ಅದರ ಒಳಗಿನ ರಚನೆ ಕಾಣಿಸಲು ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬರಬೇಕಾಯಿತು. ಪೆಮ್ಫಿಗಸ್ ಅಂತ ಒಂದು ಚರ್ಮರೋಗ ಇದೆ. ಅದರಲ್ಲಿ ಮೈಮೇಲೆ, ಬಾಯೊಳಗೆ ಬೊಬ್ಬೆಗಳೇಳುತ್ತವೆ. ಆ ರೋಗದಲ್ಲಿ ನಮ್ಮ ಮೈಯೇ ಈ ಗಂಟುಗಳ ಮೇಲೆ ದಾಳಿ ಮಾಡಿ ಬಿಚ್ಚಿಹಾಕುತ್ತದೆ.

1866ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ ವೈದ್ಯ ಪದವಿ ಸಿಕ್ಕಿತು. ಅದೇ ವರ್ಷ ಆಸ್ಟ್ರಿಯಾದ ವಿರುದ್ಧ ನಡೆದ ಯುದ್ಧದಲ್ಲಿ ಸೇನೆಯ ವೈದ್ಯರಾಗಿ ದುಡಿದರು. ಆಮೇಲೆ ಜ್ಯೂರಿಕ್‌ಗೆ ಹೋಗಿ ಹೈನ್ರಿಕ್ ಫ್ರೈ ಅವರ ಬಳಿ, ಬರ್ಲಿನ್‌ಗೆ ಹೋಗಿ ರುಡಾಲ್ಫ್ ವಿರ್ಕೊ ಅವರ ಬಳಿ ಕೆಲಸ ಮಾಡಿದರು. ರೋಗ ಅನ್ನುವುದು ಕೊನೆಗೆ ಕೋಶದಲ್ಲೇ ನಡೆಯುವ ಕೆಡುಕು ಅಂತ ಸಾರಿದವರು ವಿರ್ಕೊ. ಆ ಮಾತನ್ನು ಬಿಜ್ಜೊಜೆರೊ ಜೀವಮಾನವಿಡೀ ಬಿಡಲಿಲ್ಲ. ಊರಿಗೆ ವಾಪಸ್ ಬಂದಾಗ ಮಂತೆಗಾಜ್ಜ ರಾಜಕೀಯದಲ್ಲಿ ಮುಳುಗಿದ್ದರು. ಅವರ ಬದಲಿಗೆ ಪಾಠ ಮಾಡುವ ಜವಾಬ್ದಾರಿ ಇಪ್ಪತ್ತೊಂದರ ಈ ತರುಣನ ಹೆಗಲಿಗೆ ಬಿತ್ತು. ಕೆಲವು ವಿದ್ಯಾರ್ಥಿಗಳಿಗಿಂತ ಮೇಷ್ಟ್ರೇ ಚಿಕ್ಕವರು!

ಈಗ ಮೂಳೆಯ ವಿಷಯಕ್ಕೆ ಬರೋಣ. ನಮ್ಮ ಕೆಂಪು ರಕ್ತಕಣ ಸುಮಾರು ನಾಲ್ಕು ತಿಂಗಳು ಬದುಕುತ್ತದೆ. ಅಂದರೆ ಮೈಯಲ್ಲಿ ಎಲ್ಲೋ ಒಂದು ಕಡೆ ಅದು ಬಿಡುವಿಲ್ಲದೆ ಹುಟ್ಟುತ್ತಲೇ ಇರಬೇಕು. ಎಲ್ಲಿ? ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುಲ್ಮದಲ್ಲಿ ಅಂದರು ಕೆಲವರು, ಹಾಲ್ರಸದ (ಲಿಂಫ್) ಗ್ರಂಥಿಗಳಲ್ಲಿ ಅಂದರು ಇನ್ನು ಕೆಲವರು. ಮೂಳೆಯೊಳಗಿನ ಮಜ್ಜೆಗೆ ಅಂಥ ದೊಡ್ಡ ಕೆಲಸ ಇದೆ ಅಂತ ಯಾರೂ ಎಣಿಸಿರಲಿಲ್ಲ. 1868ರಲ್ಲಿ ಬಿಜ್ಜೊಜೆರೊ ಆ ಮಜ್ಜೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಅಲ್ಲಿ ಅವರಿಗೆ ಕಂಡದ್ದು ನ್ಯೂಕ್ಲಿಯಸ್ ಇರುವ, ಆದರೆ ಕೆಂಪು ಬಣ್ಣ ತುಂಬಿಕೊಂಡ ಕೋಶಗಳು. ಮನುಷ್ಯರ ರಕ್ತನಾಳದಲ್ಲಿ ಓಡಾಡುವ ಕೆಂಪುಕಣಕ್ಕೆ ನ್ಯೂಕ್ಲಿಯಸ್ ಇರುವುದಿಲ್ಲ, ಅಲ್ವಾ? ಹಾಗಾದರೆ ಮಜ್ಜೆಯಲ್ಲಿ ಕಂಡದ್ದು ಇನ್ನೂ ಬೆಳೆಯುತ್ತಿರುವ ಕಣ. ರಕ್ತ ಹುಟ್ಟುವುದು ಇಲ್ಲೇ ಅಂತ ಅವರು ತೀರ್ಮಾನಿಸಿದರು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅದೇ 1868ರಲ್ಲಿ, ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್ ಊರಿನಲ್ಲಿ ಅರ್ನ್ಸ್ಟ್ ನೊಯ್ಮನ್ ಎಂಬ ವೈದ್ಯರು ಕೂಡ ಇದನ್ನೇ ಕಂಡಿದ್ದರು. ಯಾರು ಮೊದಲು ಅನ್ನುವ ಚರ್ಚೆ ಇವತ್ತಿಗೂ ನಡೆಯುತ್ತದೆ. ನನಗೆ ಅದು ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ಒಬ್ಬರನ್ನೊಬ್ಬರು ಕೇಳದೆ ಇಬ್ಬರೂ ಒಂದೇ ಕಡೆ ಬಂದು ನಿಂತರು ಅನ್ನುವುದೇ ಆ ಮಾತಿಗೆ ಬಲ ಕೊಟ್ಟಿತು. ಸುಲಭಕ್ಕೇನೂ ಜನ ಒಪ್ಪಲಿಲ್ಲ, ವರ್ಷಗಳೇ ಹಿಡಿದವು. ಇವತ್ತು ರಕ್ತದ ಕ್ಯಾನ್ಸರ್ ಇದೆಯೇ ಅಂತ ಮಜ್ಜೆ ತೆಗೆದು ನೋಡುತ್ತಾರೆ, ಮಜ್ಜೆಯ ಕಸಿ ಮಾಡುತ್ತಾರೆ. ಅದೆಲ್ಲದರ ಅಡಿಗಲ್ಲು ಅಲ್ಲಿದೆ.

ಪಾವಿಯಾದ ಆ ಪ್ರಯೋಗಾಲಯಕ್ಕೆ ಆಗ ಒಬ್ಬ ಯುವ ವೈದ್ಯ ಬಂದು ಸೇರಿಕೊಂಡ. ಹೆಸರು ಕಮಿಲ್ಲೊ ಗೋಲ್ಜಿ. ಶಾಲೆಯಲ್ಲಿ ಜೀವಕೋಶದ ಚಿತ್ರ ಬರೆದವರೆಲ್ಲ 'ಗಾಲ್ಜಿ ಸಂಕೀರ್ಣ' ಅಂತ ಒಂದು ಭಾಗವನ್ನು ಗುರುತಿಸಿದ್ದೀರಿ, ಅದೇ ಗೋಲ್ಜಿ. ವಯಸ್ಸಿನಲ್ಲಿ ಗೋಲ್ಜಿಯೇ ಮೂರು ವರ್ಷ ದೊಡ್ಡವರು, ಕಲಿತದ್ದು ಮಾತ್ರ ಬಿಜ್ಜೊಜೆರೊ ಅವರಿಂದ. ಗೋಲ್ಜಿ ಅದುವರೆಗೆ ಮನೋರೋಗಗಳ ವಿಭಾಗದಲ್ಲಿ ಸೆಸಾರೆ ಲೊಂಬ್ರೊಸೊ ಅವರ ಜೊತೆ ಇದ್ದರು. ಊಹೆಯ ಮಾತು ಬಿಟ್ಟು ಕಣ್ಣಿಗೆ ಕಾಣುವುದನ್ನು ಹಿಡಿಯಬೇಕು ಅನ್ನುವ ಹಟ ಹತ್ತಿದ್ದು ಈ ಚಿಕ್ಕ ವಯಸ್ಸಿನ ಗುರುವಿನ ಸಹವಾಸದಲ್ಲಿ. 1873ರಲ್ಲಿ ಗೋಲ್ಜಿ ನರಕೋಶಗಳನ್ನು ಕಪ್ಪಾಗಿ ಎತ್ತಿ ತೋರಿಸುವ ಬೆಳ್ಳಿಯ ವಿಧಾನ ಕಂಡುಹಿಡಿದರು. ಇಬ್ಬರ ಸ್ನೇಹ ನಂಟಸ್ತಿಕೆಯೂ ಆಯಿತು. 1877ರಲ್ಲಿ ಗೋಲ್ಜಿ ಮದುವೆಯಾದ ಲೀನಾ ಅಲೆಟ್ಟಿ ಬಿಜ್ಜೊಜೆರೊ ಅವರ ಹತ್ತಿರದ ಬಂಧು. ರಕ್ತವನ್ನು ಹೊಟ್ಟೆಯ ಪೊರೆಯೊಳಕ್ಕೆ ಕೊಟ್ಟರೆ ಅದು ಮೈಗೆ ಸೇರುತ್ತದೆಯೇ ಅಂತ ಮುಂದೆ ಇಬ್ಬರೂ ಕೂಡಿ ಪ್ರಾಣಿಗಳಲ್ಲಿ ಪರೀಕ್ಷಿಸಿದರು. ರಕ್ತದ ಗುಂಪುಗಳು ಇನ್ನೂ ಗೊತ್ತಿರದ ಕಾಲ ಅದು.

1872ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಬಿಜ್ಜೊಜೆರೊ ತೂರಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಹಳಬರಿಗೆ ಇದು ಹಿಡಿಸಲಿಲ್ಲ. ವೈದ್ಯಕೀಯ ಅಂದರೆ ರೋಗಿಯ ಹಾಸಿಗೆಯ ಪಕ್ಕ ನಿಂತು ಅನುಭವದಿಂದ ಹೇಳುವುದು, ಗಾಜಿನ ಚೂರು ಇಟ್ಟುಕೊಂಡು ಇಣುಕುವುದಲ್ಲ ಅನ್ನುವವರು ಆಗ ಬಹಳ ಮಂದಿ ಇದ್ದರು. ಬಿಜ್ಜೊಜೆರೊ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಅವರು ಆ ಗಾಜಿನ ಚೂರನ್ನು ಹಾಸಿಗೆಯ ಪಕ್ಕಕ್ಕೇ ತಂದರು. ರಕ್ತ, ಮೂತ್ರ, ಕಫ, ಕೀವು, ಇವನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ಹೇಗೆ ನೋಡಬೇಕು, ಏನು ಕಂಡರೆ ಏನು ಅರ್ಥ ಅಂತ ವೈದ್ಯರಿಗಾಗಿ ಒಂದು ಕೈಪಿಡಿ ಬರೆದರು. ಅದು ಬೇರೆ ಭಾಷೆಗಳಿಗೂ ಹೋಯಿತು. 1879ರಲ್ಲಿ ಹಿಮೋಗ್ಲೋಬಿನ್ ಅಳೆಯುವ ಒಂದು ಸಣ್ಣ ಉಪಕರಣವನ್ನೂ ಮಾಡಿದರು. ಇವತ್ತು ಯಾವ ತಾಲೂಕು ಆಸ್ಪತ್ರೆಗೆ ಹೋದರೂ ಮೊದಲು 'ರಕ್ತ, ಯೂರಿನ್ ಟೆಸ್ಟ್ ಮಾಡಿಸಿ' ಅನ್ನುತ್ತಾರಲ್ಲ, ಆ ಪದ್ಧತಿಗೆ ದಾರಿ ಕಡಿದವರಲ್ಲಿ ಅವರೂ ಒಬ್ಬರು.

ಇನ್ನು ಪ್ಲೇಟ್‌ಲೆಟ್ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಪುಟ್ಟ ಕಣಗಳನ್ನು ಮೊದಲು ಕಂಡವರು ಬಿಜ್ಜೊಜೆರೊ ಅಲ್ಲ. 1865ರಲ್ಲೇ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ರಕ್ತದಲ್ಲಿ ಸಣ್ಣ ಹರಳುಗಳ ಗುಂಪು ಕಂಡಿದ್ದರು. ವಿಲಿಯಂ ಆಸ್ಲರ್ ಕಂಡಿದ್ದರು. ಪ್ಯಾರಿಸ್ಸಿನ ಜಾರ್ಜ್ ಹಯೆಂ ಚೆನ್ನಾಗಿಯೇ ನೋಡಿದ್ದರು, ಆದರೆ ಅವು ಮುಂದೆ ಕೆಂಪುಕಣಗಳಾಗುವ ಮರಿಗಳು ಅಂದುಕೊಂಡರು. ಉಳಿದ ಹಲವರಿಗೆ ಅದು ಒಡೆದ ಬಿಳಿಕಣಗಳ ಪುಡಿ, ಕಸ.

ಯಾಕೆ ಈ ಗೊಂದಲ? ರಕ್ತ ಮೈಯಿಂದ ಹೊರಗೆ ಬಂದ ಕೆಲವೇ ಕ್ಷಣಗಳಲ್ಲಿ ಪ್ಲೇಟ್‌ಲೆಟ್ ತನ್ನ ರೂಪ ಕಳೆದುಕೊಳ್ಳುತ್ತದೆ. ಗಾಜು ತಾಕಿದರೆ ಸಾಕು, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಸ್ಲೈಡಿನ ಮೇಲೆ ಹನಿ ಹಾಕಿ, ಕಣ್ಣಿಟ್ಟು ನೋಡುವ ಹೊತ್ತಿಗೆ ಉಳಿದಿರುವುದು ಮುದ್ದೆ ಮಾತ್ರ. ಅದು ಕಸದಂತೆಯೇ ಕಾಣುತ್ತದೆ.

ಬಿಜ್ಜೊಜೆರೊ ರಕ್ತವನ್ನು ಹೊರಗೆ ತೆಗೆಯುವುದನ್ನೇ ಬಿಟ್ಟರು. ಮೊಲ ಅಥವಾ ಗಿನಿಪಿಗ್‌ಗೆ ಮತ್ತು ಬರಿಸಿ, ಕರುಳನ್ನು ಹಿಡಿದಿಡುವ ತೆಳ್ಳಗಿನ ಪೊರೆಯನ್ನು ಹೊರಗೆಳೆದು ಮೈಕ್ರೋಸ್ಕೋಪಿನ ಕೆಳಗೆ ಹರವಿದರು. ಆ ಪೊರೆ ಬೆಳಕು ಹಾಯುವಷ್ಟು ತೆಳು. ಅದರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಪ್ರಾಣಿ ಬದುಕಿದೆ, ಎದೆ ಬಡಿಯುತ್ತಿದೆ, ರಕ್ತ ಹರಿಯುತ್ತಿದೆ. ಕೆಂಪುಕಣಗಳು ಸಾಲಾಗಿ ಓಡುತ್ತಿವೆ, ಬಿಳಿಕಣಗಳು ಗೋಡೆಗೆ ತಾಗಿಕೊಂಡು ಉರುಳುತ್ತಿವೆ. ನಡುವೆ ಮೂರನೆಯದೊಂದು ಇದೆ. ಬಣ್ಣವಿಲ್ಲ. ತೀರ ತೆಳು. ದುಂಡಗಿನ ಬಿಲ್ಲೆಯಂತಿದೆ. ಕೆಂಪುಕಣದ ಅರ್ಧವೋ ಮೂರರಲ್ಲಿ ಒಂದು ಪಾಲೋ ಅಗಲ. ಬಿಡಿಬಿಡಿಯಾಗಿ, ಯಾವುದಕ್ಕೂ ಅಂಟದೆ, ಹರಿವಿನ ಜೊತೆ ಸಾಗುತ್ತಿದೆ. ಇದು ಯಾವುದರ ಚೂರೂ ಅಲ್ಲ, ಬದುಕಿರುವ ರಕ್ತದಲ್ಲೇ ಇರುವ ಸ್ವತಂತ್ರ ಕಣ ಅಂತ ಅವರು ಕಣ್ಣಾರೆ ಕಂಡರು.

ಅಲ್ಲಿಗೇ ನಿಲ್ಲಿಸಿದ್ದರೂ ಅದು ದೊಡ್ಡ ಶೋಧವೇ ಆಗುತ್ತಿತ್ತು. ಆದರೆ ಅವರಿಗೆ ಅದರ ಕೆಲಸ ಏನು ಅಂತ ಗೊತ್ತಾಗಬೇಕಿತ್ತು. ಆ ಸಣ್ಣ ನಾಳದ ಗೋಡೆಗೆ ಗಾಯ ಮಾಡಿ ನೋಡುತ್ತಾ ಕೂತರು. ಕೆರೆ ಏರಿ ಬಿರುಕು ಬಿಟ್ಟಾಗ ಊರವರು ಕೈಗೆ ಸಿಕ್ಕಿದ್ದು ಹಿಡಿದು ಓಡಿ ಬರುವ ಹಾಗೆ ಆ ಬಿಲ್ಲೆಗಳು ಗಾಯದ ಜಾಗಕ್ಕೆ ಬಂದು ಅಂಟಿಕೊಂಡವು. ಒಂದರ ಮೇಲೊಂದು ಸೇರಿ, ಹರಳು ಹರಳಾಗಿ, ತೂತು ಮುಚ್ಚಿದವು. ಬಿಳಿಕಣಗಳು ಬಂದದ್ದು ಆಮೇಲೆ, ಅದೂ ಕಡಿಮೆ. ಕೆಲವೊಮ್ಮೆ ಆ ಮುದ್ದೆ ಹರಿವಿನ ರಭಸಕ್ಕೆ ಕಿತ್ತು ಹೋಗುತ್ತಿತ್ತು, ಮತ್ತೆ ಹೊಸದು ಕಟ್ಟುತ್ತಿತ್ತು.

ಇನ್ನೊಂದು ಪ್ರಯೋಗ ಬಹಳ ಸರಳ. ಆಗ ತಾನೇ ತೆಗೆದ ರಕ್ತದಲ್ಲಿ ನೂಲಿನ ಎಳೆ ಆಡಿಸುವುದು. ತೆಗೆದು ನೋಡಿದರೆ ಎಳೆಯ ತುಂಬ ಪ್ಲೇಟ್‌ಲೆಟ್‌ಗಳು ಮೆತ್ತಿಕೊಂಡಿರುತ್ತಿದ್ದವು. ರಕ್ತ ಹೆಪ್ಪುಗಟ್ಟಿಸುವುದು ಬಿಳಿಕಣಗಳು ಅಂತ ಆ ಕಾಲದ ದೊಡ್ಡ ವಿದ್ವಾಂಸ ಅಲೆಕ್ಸಾಂಡರ್ ಶ್ಮಿಟ್ ಹೇಳುತ್ತಿದ್ದರು. ಬಿಜ್ಜೊಜೆರೊ ಅದಕ್ಕೆ ಎದುರಾಗಿ ನಿಂತರು. ಅವರ ದೀರ್ಘ ಲೇಖನ 1882ರಲ್ಲಿ ಗುರು ವಿರ್ಕೊ ಅವರ ಪತ್ರಿಕೆಯಲ್ಲೇ ಜರ್ಮನ್‌ನಲ್ಲಿ ಬಂತು. ರಕ್ತದ ಹೊಸ ಕಣ ಒಂದಿದೆ, ರಕ್ತ ಹೆಪ್ಪುಗಟ್ಟುವುದರಲ್ಲಿ, ನಾಳ ಕಟ್ಟಿಕೊಳ್ಳುವುದರಲ್ಲಿ ಅದರ ಪಾತ್ರ ಇದೆ ಅನ್ನುವುದು ಲೇಖನದ ತಲೆಬರಹದಲ್ಲೇ ಇತ್ತು.

ಒಂದೇ ಕಣ ರಕ್ತ ಸೋರುವುದನ್ನೂ ನಿಲ್ಲಿಸುತ್ತದೆ, ನಾಳವನ್ನೂ ಕಟ್ಟಿಹಾಕುತ್ತದೆ. ಈ ಎರಡನ್ನೂ ಅವರು ಒಟ್ಟಿಗೆ ಕಂಡದ್ದು ನನಗೆ ದೊಡ್ಡ ಮಾತು ಅನ್ನಿಸುತ್ತದೆ. ಡೆಂಗಿಯಲ್ಲಿ, ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಈ ಕಣ ಕಡಿಮೆಯಾಗುತ್ತದೆ, ವಸಡು, ಮೂಗುಗಳಲ್ಲಿ ರಕ್ತ ಒಸರಬಹುದು. ಹಾರ್ಟ್ ಅಟ್ಯಾಕ್‌ನಲ್ಲಿ ಇದೇ ಕಣ ಹೃದಯದ ನಾಳದೊಳಗೆ ಬೇಡದ ಕಡೆ ಗುಂಪುಗೂಡುತ್ತದೆ. ಅದಕ್ಕೇ ಹೃದ್ರೋಗಿಗಳಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದು. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಆಸ್ಪಿರಿನ್ ಅದರ ಒಂದು ಕಿಣ್ವವನ್ನು ಕೆಡಿಸಿದರೆ ಅದನ್ನು ಮತ್ತೆ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ, ತನ್ನ ಏಳರಿಂದ ಹತ್ತು ದಿನದ ಆಯುಸ್ಸು ಮುಗಿಯುವವರೆಗೂ ಹಾಗೇ ಇರುತ್ತದೆ. ಕೆಲವು ಆಪರೇಷನ್‌ಗಳಿಗೆ ಮುಂಚೆ ಆಸ್ಪಿರಿನ್ ಅನ್ನು ದಿನಗಟ್ಟಲೆ ಮೊದಲೇ ನಿಲ್ಲಿಸಲು ವೈದ್ಯರು ಹೇಳುವುದು ಈ ಕಾರಣಕ್ಕೆ. ಸುಮ್ನೆ ನಾವಾಗಿಯೇ ನಿಲ್ಲಿಸಬಾರದು, ಅದು ಅಪಾಯ.

ಡೆಂಗಿಯ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಆ ಜ್ವರದಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ರಕ್ತನಾಳಗಳಿಂದ ದ್ರವ ಸೋರಿಹೋಗುವುದು. ಹೊಟ್ಟೆನೋವು, ಬಿಡದ ವಾಂತಿ, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗುವುದು, ಇವುಗಳ ಕಡೆ ಗಮನ ಇರಲಿ. ಬರೀ ಪ್ಲೇಟ್‌ಲೆಟ್ ಸಂಖ್ಯೆ ಹಿಡಿದು ಕೂತರೆ ಇವು ಕಣ್ಣು ತಪ್ಪುತ್ತವೆ.

ಬಿಜ್ಜೊಜೆರೊ ಅವರಿಗೂ ಒಂದು ಕೊಂಡಿ ಸಿಗಲಿಲ್ಲ. 1868-69ರಲ್ಲಿ ಮಜ್ಜೆ ನೋಡುವಾಗ ಅವರು ಕೆಲವು ಭಾರೀ ಗಾತ್ರದ ಕೋಶಗಳನ್ನು ಕಂಡು ವಿವರವಾಗಿ ಬರೆದಿದ್ದರು. ಹದಿಮೂರು ವರ್ಷ ಬಿಟ್ಟು ಪ್ಲೇಟ್‌ಲೆಟ್ ಬಗ್ಗೆ ಬರೆದರು. ಎರಡಕ್ಕೂ ತಾಯಿ ಮಕ್ಕಳ ಸಂಬಂಧ ಅಂತ ಅವರಿಗೆ ಹೊಳೆಯಲಿಲ್ಲ. ಇಬ್ಬರನ್ನೂ ಅಷ್ಟು ಹತ್ತಿರದಿಂದ ನೋಡಿದವರು ಆಗ ಇನ್ನೊಬ್ಬರಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರನ್ನು ಹಿಡಿದಿಟ್ಟ ಪ್ರಶ್ನೆ: ಸತ್ತ ಕೋಶಗಳ ಜಾಗ ತುಂಬುವುದು ಹೇಗೆ? ಕರುಳಿನ ಒಳಪದರ ನೋಡಿ, ಗುಂಡಿಯಂಥ ಗ್ರಂಥಿಗಳ ಆಳದಲ್ಲಿ ಕೋಶಗಳು ಇಬ್ಭಾಗವಾಗುತ್ತವೆ, ಹೊಸ ಕೋಶಗಳು ಮೆಲ್ಲಗೆ ಮೇಲಕ್ಕೆ ಏರಿ ಬಂದು ಹಳೆಯವನ್ನು ಉದುರಿಸುತ್ತವೆ ಅಂತ ಹೇಳಿದರು. 1894ರಲ್ಲಿ ರೋಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಇಡೀ ಮೈಯ ಕೋಶಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಚರ್ಮ, ಕರುಳು, ಮಜ್ಜೆಯ ಕೋಶಗಳು ಜೀವಮಾನವಿಡೀ ಹೊಸದಾಗುತ್ತಲೇ ಇರುತ್ತವೆ. ಯಕೃತ್ತಿನಂಥವು ಬೆಳವಣಿಗೆ ಮುಗಿದ ಮೇಲೆ ಸುಮ್ಮನಿರುತ್ತವೆ, ಏಟು ಬಿದ್ದರೆ ಮತ್ತೆ ಹೆಚ್ಚುತ್ತವೆ. ನರ ಮತ್ತು ಸ್ನಾಯುಗಳ ಕೋಶಗಳು ಒಮ್ಮೆ ಆದದ್ದು ಆಯಿತು, ಇಬ್ಭಾಗವಾಗುವುದಿಲ್ಲ. ನಮ್ಮಲ್ಲಿ ಎಂಬಿಬಿಎಸ್ ಓದುವ ಮಕ್ಕಳು ಪೆಥಾಲಜಿ ಕ್ಲಾಸಿನಲ್ಲಿ ಇವತ್ತಿಗೂ ಈ ಮೂರನ್ನು ಬಾಯಿಪಾಠ ಮಾಡುತ್ತಾರೆ. ಮಾಡಿದವರ ಹೆಸರನ್ನೂ ಮೇಷ್ಟ್ರುಗಳು ಹೇಳಿಕೊಟ್ಟರೆ ಎಷ್ಟು ಚೆನ್ನ! ಸ್ಟೆಮ್ ಸೆಲ್, ಅಂದರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶಗಳ ಬಗ್ಗೆ ಹೊಸದಾಗಿ ತಿಳಿದದ್ದರಿಂದ ಮೂರನೇ ಗುಂಪಿಗೆ ಈಗ ಒಂದಿಷ್ಟು ತಿದ್ದುಪಡಿ ಬೇಕು, ಆದರೆ ಚೌಕಟ್ಟು ಅವರದೇ.

ಇದೇ ಕೆಲಸದ ನಡುವೆ, 1893ರ ಸುಮಾರಿಗೆ, ನಾಯಿಯ ಜಠರದ ಗ್ರಂಥಿಗಳಲ್ಲಿ ಸುರುಳಿ ಸುರುಳಿಯಾದ ಬ್ಯಾಕ್ಟೀರಿಯಾ ಇರುವುದನ್ನು ಕಂಡು ಚಿತ್ರ ಸಮೇತ ಬರೆದರು. ಅಷ್ಟು ಹುಳಿಯಾದ ಜಾಗದಲ್ಲಿ ಯಾವ ಜೀವಿಯೂ ಬದುಕಲಾರದು ಅಂತ ಮುಂದೆ ಬಹುಕಾಲ ವೈದ್ಯರು ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಮನುಷ್ಯರ ಹೊಟ್ಟೆಹುಣ್ಣಿಗೆ ಇಂಥದೇ ಬ್ಯಾಕ್ಟೀರಿಯಾ ಕಾರಣ ಅಂತ 1980ರ ದಶಕದಲ್ಲಿ ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ನಾಯಿಯಲ್ಲಿ ಸಿಗುವ ಆ ಬಗೆಯ ಒಂದು ಜಾತಿಗೆ 1996ರಲ್ಲಿ ಬಿಜ್ಜೊಜೆರೊ ಅವರ ಹೆಸರಿಟ್ಟಿದ್ದಾರೆ.

ಕೊನೆಯ ಹತ್ತು ವರ್ಷ ಕಣ್ಣು ಕೈಕೊಟ್ಟಿತು. ಕಣ್ಣಿನ ಒಳಪದರದ ಉರಿಯೂತದಿಂದ ಮೈಕ್ರೋಸ್ಕೋಪಿನ ಮುಂದೆ ಕೂರುವುದು ಕಷ್ಟವಾಯಿತು. ಶಿಷ್ಯರ ಕಣ್ಣಿನಿಂದ ಕೆಲಸ ಮುಂದುವರಿಸಿದರು, ತಾವು ಸಾರ್ವಜನಿಕ ಆರೋಗ್ಯದ ಕಡೆ ತಿರುಗಿದರು. 1890ರಲ್ಲಿ ಸೆನೆಟ್ ಸದಸ್ಯರಾದ ಮೇಲೆ ಕುಡಿಯುವ ನೀರು, ಸಾಂಕ್ರಾಮಿಕ ರೋಗ, ನೈರ್ಮಲ್ಯಗಳ ಬಗ್ಗೆ ಸಾಮಾನ್ಯ ಓದುಗರಿಗೂ ತಿಳಿಯುವಂತೆ ಬರೆದರು, ಮಾತಾಡಿದರು. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಅನ್ನುವುದು ಅವರ ನಿಲುವು. ನ್ಯುಮೋನಿಯಾ ತಗುಲಿ 1901ರ ಏಪ್ರಿಲ್ 8ರಂದು ತೂರಿನ್‌ನಲ್ಲಿ ತೀರಿಕೊಂಡರು. ವಯಸ್ಸು ಬರೀ ಐವತ್ತೈದು.

ಇಷ್ಟು ಹೇಳಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು, "ಸರ್, ಇವರಿಗೆ ನೊಬೆಲ್ ಯಾಕೆ ಬರಲಿಲ್ಲ?" ಮೊದಲ ನೊಬೆಲ್ ಬಹುಮಾನ ಕೊಟ್ಟದ್ದು 1901ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಬಿಜ್ಜೊಜೆರೊ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಕೈಕೆಳಗೆ ಪಳಗಿದ ಗೋಲ್ಜಿಗೆ 1906ರಲ್ಲಿ ಬಂತು, ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಜೊತೆಗೆ. ಅದೇ 1906ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೇಮ್ಸ್ ಹೋಮರ್ ರೈಟ್ ಎಂಬ ವೈದ್ಯರು ಮಜ್ಜೆಯ ತೆಳು ಪದರಕ್ಕೆ ತಾವೇ ರೂಪಿಸಿದ ಬಣ್ಣ ಹಾಕಿ ನೋಡಿದರು. ಬಿಜ್ಜೊಜೆರೊ ವಿವರಿಸಿದ್ದ ಆ ಭಾರೀ ಕೋಶದ ಅಂಚು, ಬಿಜ್ಜೊಜೆರೊ ವಿವರಿಸಿದ್ದ ಆ ಬಿಲ್ಲೆ, ಎರಡಕ್ಕೂ ಒಂದೇ ಬಣ್ಣ ಹಿಡಿದಿತ್ತು. ದೊಡ್ಡ ಕೋಶದ ಅಂಚು ಚಾಚಿಕೊಂಡು, ತುಂಡು ತುಂಡಾಗಿ ಕಳಚಿ, ಪ್ಲೇಟ್‌ಲೆಟ್‌ಗಳಾಗಿ ರಕ್ತಕ್ಕೆ ಸೇರುತ್ತದೆ ಅಂತ ರೈಟ್ ತೋರಿಸಿದರು.